ಪುಟ್ಟತಾಯಮ್ಮನ ಕೊಬ್ಬರಿ ಅಟ್ಟ

ಚನ್ನರಾಯಪಟ್ಟಣದ ಮಗ್ಗುಲಿನ ನಮ್ಮೂರಲ್ಲಿ ಪುಟ್ಟತಾಯಮ್ಮ ಒಬ್ಬಳೇ ಕೊಬ್ಬರಿ ಮಾಡಿ ಬದುಕುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮೈದುನರು ಹೊಲ ತೋಟ ಹಂಚಿಕೊಂಡು ಅವಳಿಗೆ ನಾಡಹೆಂಚಿನ ಮನೆಯನ್ನಷ್ಟೇ ಬಿಟ್ಟಿದ್ದರು. ರೈತರಿಂದ ಕಾಯಿ ತಂದು ಅಟ್ಟಕ್ಕೇರಿಸುವಳು. ಕೆಳಗಿನ ಒಲೆಯ ಹೊಗೆಗೆ ವರ್ಷವಿಡೀ ಒಣಗಿ, ನೀರು ಇಂಗಿ, ಒಳಗಿನ ಕೊಬ್ಬರಿ ಗಿಟುಕು ಚಿಪ್ಪು ಬಿಟ್ಟು ಲೊಡಲೊಡ ಆಡಬೇಕು. ಬೆಳಿಗ್ಗೆ ಎದ್ದು ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸುವಳು. ಆ ಮನೆಯಲ್ಲಿ ಅವಳಿಗೆ ಮಾರುತ್ತರ ಕೊಡುತ್ತಿದ್ದದ್ದು ಅದೊಂದೇ.

ಅಟ್ಟದ ಮೇಲೆ ಹೊರಗಿನವರ ಕಣ್ಣು ಬಿದ್ದರೆ ಕಾಯಿ ಒಳಗೇ ಕೊಳೆಯುತ್ತದೆಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು. ಓದಿದವರು ನಗಬಹುದು, ವರ್ಷದ ಅನ್ನ ತಲೆಯ ಮೇಲೆ ಒಣಗುತ್ತಿರುವವರು ನಗುವುದಿಲ್ಲ.

ಅರವತ್ತೊಂದನೇ ಇಸವಿಯ ಬೇಸಿಗೆಯಲ್ಲಿ ಪಕ್ಕದ ಬೀದಿಯ ಮನೆಯೊಂದು ಸುಟ್ಟಿತು. ಕಾಯಿಗೆ ಮುಂಗಡ ಕೊಟ್ಟು ಅವಳ ಕೊಬ್ಬರಿ ಕೊಳ್ಳುತ್ತಿದ್ದ ಮಂಡಿಯ ಸಣ್ಣಯ್ಯನಿಗೆ ದಿಗಿಲಾಯಿತು.

"ನಿಂದು ಮನೇನೂ ಅದೇಯ, ಮಳಿಗೇನೂ ಅದೇಯ. ಬೆಂಕಿ ಬಿದ್ರೆ ಎಲ್ಡೂ ಓಯ್ತವೆ. ಇನ್ಸೂರೆನ್ಸ್ ಮಾಡ್ಸು ಕಣವ್ವ" ಎಂದು ಹಾಸನದ ವಿಮೆ ಏಜೆಂಟ್ ಷಡಕ್ಷರಿಯನ್ನು ಅವನೇ ಕಳಿಸಿದ.

ಷಡಕ್ಷರಿ ಗೋಡೆ ತಟ್ಟಿ, ಹೆಂಚು ನೋಡಿ, ಏಣಿಯ ಬುಡಕ್ಕೆ ಬಂದ. ಪುಟ್ಟತಾಯಮ್ಮ ಅಡ್ಡ ನಿಂತಳು.

"ಮೇಲೇನಿದೆ ತಾಯಿ?"

"ಏನೈತೆ ಸಾ? ಮುರುಕು ಮೊರ, ಇಲಿ."

"ಇಲಿಗೆ ವಿಮೆ ಬೇಡ ತಾನೆ?"

"ಅವು ನಮಗಿಂತ ಗಟ್ಟಿ. ಬನ್ನಿ, ಮಜ್ಜಿಗೆ ಕುಡೀರಿ."

ಅವನು ನಕ್ಕು, ವಾಸದ ಮನೆ ಎಂದಷ್ಟೇ ಬರೆದುಕೊಂಡ. ಮನೆಗೆ ಮಾಡಿಸಿದ ಮೇಲೆ ಮನೆಯೊಳಗಿನದೂ ಸೇರಿತೆಂದು ಅವಳು ತಿಳಿದಳು.

ಕಾಯಿ ಇನ್ನೇನು ಇಳಿಸಬೇಕು ಅನ್ನುವಾಗ, ಅವಳು ನೀರಿಗೆ ಹೋದ ಹೊತ್ತಿನಲ್ಲಿ, ಒಲೆಯ ಕಿಡಿ ಮೇಲೆ ಹಾರಿತು. ಎಣ್ಣೆ ತುಂಬಿದ ಕೊಬ್ಬರಿ ಪಂಜಿನಂತೆ ಉರಿಯಿತು. ಜನ ಕೊಡ ಹಿಡಿದು ಬರುವಷ್ಟರಲ್ಲಿ ಅಟ್ಟವೂ ಸೂರೂ ಕುಸಿದಿದ್ದವು.

ಕಂಪನಿಯ ಮೇಲಧಿಕಾರಿ ಷಡಕ್ಷರಿಯ ಜೊತೆ ಬಂದು, ಬೂದಿಯಲ್ಲಿದ್ದ ಚಿಪ್ಪುಗಳನ್ನು ನೋಡಿ ಕೇಳಿದರು: "ಮನೆಯಲ್ಲಿ ವ್ಯಾಪಾರ ಇದೆ ಅಂತ ಇವರಿಗೆ ಹೇಳಿದ್ರಾ?"

ಸಣ್ಣಯ್ಯ ಅವಳ ಬೆನ್ನ ಹಿಂದೆ ಪಿಸುಗುಟ್ಟಿದ: "ತೋರ್ಸಿದ್ದೆ, ಅವ್ರೇ ಬರ್ಕಳ್ನಿಲ್ಲ ಅನ್ನು. ನಿನ್ ಗಂಟು ಉಳೀತದೆ."

ಷಡಕ್ಷರಿ ತಲೆ ತಗ್ಗಿಸಿ ಕಾಲಬೆರಳಲ್ಲಿ ಬೂದಿ ಕೆದಕುತ್ತಿದ್ದ. ಅವಳು ಹಾಗೆಂದಿದ್ದರೆ ಅವನ ಅನ್ನಕ್ಕೆ ಕಲ್ಲು ಬೀಳುತ್ತಿತ್ತು.

"ಇಲ್ಲ ಸಾ. ಏಣಿಗೆ ಅಡ್ಡ ನಿಂತೋಳು ನಾನೇಯ. ಕಣ್ಣಾಯ್ತದೆ ಅಂತ ಬಚ್ಚಿಟ್ಟೆ."

"ಹಾಗಾದರೆ ಮನೆಗಷ್ಟೇ ಸಿಗುತ್ತೆ ತಾಯಿ. ಸರಕಿಗೆ ಬರೋದಿಲ್ಲ."

"ಇನ್ಮೇಲೆ ಸತ್ಯಾನೇ ಅಟ್ಟಕ್ಕಾಕಿ ಒಣಗ್ಸು" ಎಂದು ಸಣ್ಣಯ್ಯ ಟವೆಲ್ಲು ಕೊಡವಿ ಹೊರಟುಹೋದ. ಆಮೇಲೆ ಆ ಹೊಸಿಲು ತುಳಿಯಲಿಲ್ಲ.

ವಿಮೆಯಿಂದ ಸೂರಿಗೆ ಹೊಸ ಹೆಂಚು ಬಂತು. ಮಂಡಿಯ ಮುಂಗಡ ನಿಂತವಳಿಗೆ ಅಟ್ಟಕ್ಕೆ ಹಾಕಲು ಕಾಯಿ ಮಾತ್ರ ಯಾರೂ ಕೊಡಲಿಲ್ಲ. ಪುಟ್ಟತಾಯಮ್ಮ ಬೆಳಿಗ್ಗೆ ಬೀಗ ಹಾಕಿ, ಕಂಡವರ ಮನೆಗೆ ಕೊಬ್ಬರಿ ಬಿಡಿಸುವ ಕೂಲಿಗೆ ಹೋಗತೊಡಗಿದಳು.

ಒಂದು ದಿನ ಮೇಲಿನ ಬೀದಿಯ ಕಮಲಾಕ್ಷಮ್ಮ ತನ್ನ ಮನೆಯ ಏಣಿ ತೋರಿಸಿ, "ಪುಟ್ತಾಯಿ, ನಮ್ ಕಾಯಿ ಒಣಗೈತಾ, ಅಟ್ಟ ಅತ್ತಿ ನೋಡೇ. ನಿನ್ನಂಥ ಕಿವಿ ಇನ್ಯಾರ್ಗೈತೆ?" ಎಂದಳು.

"ಬ್ಯಾಡ ಕಣಕ್ಕ. ನಾನು ಒರಗಿನೋಳು. ನೀವೇ ಇಳ್ಸಿ ಕೊಡಿ."

ಅವಳು ಜಗಲಿಯ ಮೂಲೆಯಲ್ಲಿ, ಅಟ್ಟದ ಕಡೆಗೆ ಬೆನ್ನು ಮಾಡಿ ಕುಳಿತಳು.