ಬಲಗಿವಿಯ ಹಿಂದಿನ ಮಚ್ಚೆ

ಮುಖ್ಯರಸ್ತೆಯ ಕ್ಷೌರದಂಗಡಿಯವನಿಗೆ ಬಾಯಿ ದೊಡ್ಡದು. ಯಾರ ಮನೆಯ ಸಂಬಂಧ ಮುರಿದುಬಿತ್ತು, ಯಾರ ಮಗ ಫೇಲಾದ, ಎಲ್ಲ ಅವನ ಕತ್ತರಿಯ ಸದ್ದಿನ ಜೊತೆಗೇ ಕೇಳಿಬರುತ್ತಿತ್ತು. ಆದರೆ ಕುರ್ಚಿಯಲ್ಲಿ ಕೂತವನ ತಲೆಯ ಬಗ್ಗೆ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಹೊಟ್ಟೋ, ಗುಳ್ಳೆಯೋ, ಹಳೆಯ ಗಾಯವೋ ಕಂಡರೆ ಪಕ್ಕದ ಕೂದಲನ್ನು ತುಸು ಉದ್ದ ಬಿಟ್ಟು ಮುಚ್ಚುವುದು, ಕೊನೆಗೆ ಕೈಗನ್ನಡಿಯನ್ನು ಹಿಂದೆ ಹಿಡಿದು ಚೆನ್ನಾಗಿರುವ ಕಡೆಯನ್ನಷ್ಟೇ ತೋರಿಸುವುದು. ಗಿರಾಕಿ ನಗುತ್ತಾ ಇಳಿದು ಹೋಗಬೇಕು. ಇದು ಅಪ್ಪ ಕಲಿಸಿಕೊಟ್ಟ ಮರ್ಯಾದೆ.

ಆ ಮರ್ಯಾದೆಯನ್ನು ಅವನು ಸ್ವಂತ ಅಣ್ಣನಿಗೂ ತೋರಿಸಿದ. ಹಾಳು ಮರ್ಯಾದೆ!

ಅಣ್ಣ ಬಸ್ ಡ್ರೈವರ್. ತಿಂಗಳಿಗೊಮ್ಮೆ ಬಂದು ಕೂತು, "ಲೇ, ಕಿವಿ ಎರಡೂ ಉಳಿಸೋ, ಹಾರ್ನ್ ಕೇಳಿಸ್ಬೇಕು" ಎಂದು ಕೀಟಲೆ ಮಾಡುವವನು. ಅವನ ಬಲಗಿವಿಯ ಹಿಂದೆ ಸಾಸಿವೆ ಕಾಳಿನಷ್ಟು ಕಪ್ಪು ಮಚ್ಚೆ ಕಂಡಾಗ ತಮ್ಮ ಅದರ ಮೇಲೆ ಕೂದಲು ಎಳೆದ, ಕನ್ನಡಿಯನ್ನು ಎಡಕ್ಕೆ ಹಿಡಿದ. ಎರಡು ವರ್ಷ ಹೀಗೇ ನಡೆಯಿತು. ಮಚ್ಚೆ ಅವರೆಕಾಳಿನಷ್ಟಾಯಿತು, ಅಂಚು ಅಂಕುಡೊಂಕಾಯಿತು. ಒಂದು ದಿನ ಬಾಚಣಿಗೆ ತಾಗಿ ರಕ್ತ ಬಂತು. ಪಟಿಕ ಒತ್ತಿ, "ಕತ್ತರಿ ತಾಗ್ತು ಅಣ್ಣ" ಎಂದುಬಿಟ್ಟ. ಮುಂದಿನ ತಿಂಗಳು ಮತ್ತೆ ರಕ್ತ. ಆಗ ಕತ್ತರಿ ಕೆಳಗಿಟ್ಟ. "ಹಿಂದೆ ಏನೋ ಇದೆ, ಡಾಕ್ಟರಿಗೆ ತೋರ್ಸೋಣ" ಎಂದು ಅಣ್ಣನನ್ನು ಎಳೆದುಕೊಂಡು ಹೋದ.

ಚರ್ಮದ ಡಾಕ್ಟರಮ್ಮ ದೀಪ ಹಿಡಿದು ನೋಡಿ, ಮಚ್ಚೆಯನ್ನು ಪೂರ್ತಿ ತೆಗೆದು ಪರೀಕ್ಷೆಗೆ ಕಳಿಸಬೇಕೆಂದರು.

"ಮರಗಟ್ಟಿಸೋಕೆ ಒಂದು ಇಂಜೆಕ್ಷನ್. ಅದು ಚುರ್ ಅನ್ನುತ್ತೆ. ಆಮೇಲೆ ಎಳೆದ ಹಾಗೆ ಗೊತ್ತಾಗಬಹುದು, ನೋವಿರಲ್ಲ. ನಾಲ್ಕು ಹೊಲಿಗೆ ಬೀಳುತ್ತೆ. ಹತ್ತು ದಿನಕ್ಕೆ ಅದನ್ನ ಬಿಚ್ಚೋ ಹೊತ್ತಿಗೆ ರಿಪೋರ್ಟೂ ಬಂದಿರುತ್ತೆ. ಅಂದಹಾಗೆ, ಇದು ಎಷ್ಟು ದಿನದಿಂದ ಇದೆ?"

ಅಣ್ಣ ನಕ್ಕ. "ಹಿಂದೆ ನೋಡೋಕೆ ಬಸ್ಸಿಗೆ ಕನ್ನಡಿ ಇದೆ ಮೇಡಂ. ನನ್ನ ತಲೆಗೆ ಇವನೇ ಕನ್ನಡಿ. ಇವನನ್ನೇ ಕೇಳಿ."

"ಎರಡು... ಎರಡು ತಿಂಗಳು" ಎಂದ ತಮ್ಮ.

ಕೂದಲು ತೆಗೆಯಲು ನರ್ಸ್ ಬಂದರೆ ಅಣ್ಣ ಒಪ್ಪಲಿಲ್ಲ. "ಬೇಡಮ್ಮ, ನನ್ನ ತಲೆ ಬೇರೆಯವರ ಕೈಗೆ ಕೊಟ್ಟು ಅಭ್ಯಾಸ ಇಲ್ಲ." ಹೀಗಾಗಿ ಎರಡು ವರ್ಷ ಮುಚ್ಚಿಟ್ಟದ್ದನ್ನು ತಮ್ಮನೇ ಬೋಳಿಸಿ ಬಯಲು ಮಾಡಬೇಕಾಯಿತು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿದು, ಮಚ್ಚೆ ಒಂದು ಪುಟ್ಟ ಡಬ್ಬಿಯ ದ್ರವದಲ್ಲಿ ತೇಲುತ್ತಿತ್ತು.

ಹತ್ತು ದಿನ ಅಂಗಡಿಯಲ್ಲಿ ಅವನ ಕತ್ತರಿಯ ಸದ್ದಷ್ಟೇ ಕೇಳಿಬರುತ್ತಿತ್ತು.

ರಿಪೋರ್ಟ್ ಬಂತು: ಕ್ಯಾನ್ಸರ್. ಆಳಕ್ಕಿಳಿದಿದೆ. ಡಾಕ್ಟರಮ್ಮ ಅಣ್ಣನ ಕತ್ತು ಮುಟ್ಟಿ ನೋಡಿದರು, ಅಲ್ಲೊಂದು ಗಂಟು ಸಿಕ್ಕಿತು. ದೊಡ್ಡಾಸ್ಪತ್ರೆಗೆ ಚೀಟಿ ಬರೆಯುತ್ತಾ, "ಇಷ್ಟು ಬೆಳೆಯೋಕೆ ಎರಡು ತಿಂಗಳು ಸಾಲದು. ಒಂದು ವರ್ಷ ಮೊದಲೇ ಬಂದಿದ್ರೆ..." ಎಂದವರು ಅಲ್ಲಿಗೇ ನಿಲ್ಲಿಸಿದರು.

ಇಬ್ಬರೂ ಅಂಗಡಿಗೆ ಬಂದರು. ಬಾಗಿಲು ಹಾಕಿದ್ದೇ ತಡ, ತಮ್ಮನಿಗೆ ತಡೆಯಲಾಗಲಿಲ್ಲ.

"ಎರಡು ತಿಂಗಳಲ್ಲ ಅಣ್ಣ, ಎರಡು ವರ್ಷ. ನಂಗೆ ಕಂಡಿತ್ತು. ನಾನೇ ಮುಚ್ಚಿಟ್ಟೆ" ಎಂದು ಗೋಡೆಗೊರಗಿ ಅತ್ತ.

ಅಣ್ಣ ತಲೆಯ ಹಿಂಭಾಗದ ಮೇಲೆ ಕೈಯಾಡಿಸಿದ. "ಹಿಂದುಗಡೆ ಉದ್ದ ಬಿಡ್ತಿದ್ದೆಯಲ್ಲ, ಅದಕ್ಕಾ? ನಿಮ್ಮತ್ತಿಗೆ ನಂಗೆ ಆ ಕಟಿಂಗೇ ಒಪ್ಪುತ್ತೆ ಅಂತಿದ್ಲು."

ಬೈದಿದ್ದರೆ, ಕೆನ್ನೆಗೆ ಬಾರಿಸಿದ್ದರೆ ತಮ್ಮ ಹೇಗೋ ತಡೆದುಕೊಳ್ಳುತ್ತಿದ್ದ. ಅಣ್ಣ ಹೋಗಿ ಎಂದಿನಂತೆ ಕುರ್ಚಿಯಲ್ಲಿ ಕೂತ.

"ಕನ್ನಡಿ ತಗೊ. ಈ ಸಲ ಬಲಗಡೆ ಹಿಡಿ."

ತಮ್ಮ ಹಿಡಿದ. ಅಣ್ಣ ಆ ಗಾಯದ ಗೆರೆಯನ್ನು ನೋಡುತ್ತಾ ಕೂತ. ತಮ್ಮನ ಕೈ ಸೋತುಬಂದರೂ ಅವನು ಸಾಕು ಅನ್ನಲಿಲ್ಲ.