ಬುದ್ಧನ ಬೆಟ್ಟದ ಮೇಲೆ ಉಡಿ ತುಂಬಿದ್ದು

ಆಗಿನ ಕಾಲಕ್ಕೆ ಇಬ್ಬರಿಗೂ ಸೇರಿ ಇಪ್ಪತ್ತೆರಡು ರೂಪಾಯಿ. ಗಯೆಯಿಂದ ರಾಜಗೀರಿಗೆ ಬಸ್ಸು, ಬೆಟ್ಟ ಹತ್ತಲು ತಂತಿಯ ಮೇಲೆ ಸಾಗುವ ತೂಗುಕುರ್ಚಿ, ಎರಡು ಚಹಾ, ಎಲ್ಲ ಅದರಲ್ಲೇ. ವಿಂಧ್ಯಾಚಲದ ದೇವಿಯ ಬಳಿ ಹೋಗಿದ್ದರೆ ಮೂರು ಪಟ್ಟು ಆಗುತ್ತಿತ್ತು. ಹಾಗಾಗಿ ಹೆಂಡತಿಗೆ ಒಂದು ಸುಳ್ಳು ಹೇಳಿದೆ.

ಮಗಳ ಚೊಚ್ಚಲ ಹೆರಿಗೆ ಹತ್ತಿರವಿತ್ತು. ನಾನು ಸೀರೆ ವ್ಯಾಪಾರಕ್ಕೆ ಗಯೆಗೆ ಹೊರಟಾಗ, ಬೆಟ್ಟದ ದೇವಿಗೆ ಉಡಿ ತುಂಬುವ ಹರಕೆ ಹೊತ್ತು ಹೆಂಡತಿಯೂ ಬಂದಿದ್ದಳು. ನಮ್ಮೂರು ರಬಕವಿಯಿಂದಲೇ ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ ಗಂಟು ಕಟ್ಟಿ ತಂದಿದ್ದಳು. ರಾಜಗೀರಿನ ಬೆಟ್ಟ ಬುದ್ಧನದೆಂದು ನನಗೆ ಗೊತ್ತಿತ್ತು. ಆದರೆ ದೇವಿ ಇಲ್ಲದ ಗುಡ್ಡವನ್ನು ನಮ್ಮ ಕಡೆ ನಾನು ಕಂಡವನಲ್ಲ. ಎಲ್ಲೋ ಒಂದು ಗುಡಿ ಇದ್ದೇ ಇರುತ್ತದೆಂಬ ಧೈರ್ಯ.

"ದೇವಿ ಅದಾಳೇನ್ರಿ ಅಲ್ಲಿ?"

"ಅದಾಳ. ಭಾಳ ಜಾಗೃತ ದೇವಿ."

ಮೇಲೆ ಹೋದರೆ ಬಿಳಿ ಸ್ತೂಪ, ನಾಲ್ಕೂ ಕಡೆ ಬಂಗಾರದ ಬುದ್ಧ. ಪಕ್ಕದ ಗುಡಿಯಲ್ಲೂ ಬುದ್ಧನೇ. ಹೆಂಡತಿ ಮೂರು ಸುತ್ತು ಬಂದು ನನ್ನೆದುರು ನಿಂತಳು.

"ಎಲ್ರಿ ನಿಮ್ಮ ದೇವಿ?"

"ಇವಂಗ ತುಂಬು. ಹೆಗಲ ಮ್ಯಾಲ ಶಲ್ಯ ಐತಲ್ಲ, ಸೆರಗ ಅನ್ಕೋ."

"ಗಂಡದೇವರಿಗೆ ಯಾರರ ಉಡಿ ತುಂಬ್ತಾರೇನ್ರಿ? ಮಗಳು ದಾರಿ ಕಾಯಾಕತ್ತಾಳ. ಆಕಿಗೆ ಏನಂತ ಹೇಳ್ಲಿ? ನಿಮ್ಮಪ್ಪ ರೊಕ್ಕ ಉಳಿಸ್ಯಾನ ಅಂತ?"

ಅಷ್ಟು ಹೇಳಿ ಕಣ್ಣು ತುಂಬಿಕೊಂಡಳು.

ಅಂಗಳ ಗುಡಿಸುತ್ತಿದ್ದ ಮುದುಕಿ ಸನ್ಯಾಸಿನಿಯೊಬ್ಬಳು ಕಸಬರಿಗೆ ಬಿಟ್ಟು ಹತ್ತಿರ ಬಂದಳು. ಬೋಳುತಲೆ, ನಮಗೆ ತಿಳಿಯದ ಭಾಷೆ. ಹೆಂಡತಿ ಅವಳನ್ನು ಮೇಲಿಂದ ಕೆಳಗೆ ನೋಡಿ ಉಡಿಯ ಗಂಟಿಗೆ ಕೈ ಹಾಕಿದಳು.

"ಆಕಿ ಮುತ್ತೈದಿ ಅಲ್ಲಲೇ" ಎಂದೆ.

"ಗಂಡನ ಕಾಟನ ಇಲ್ಲದಾಕಿ, ಮುತ್ತೈದಿಕಿಂತ ಸುಖಿ. ನೀವು ಬಾಯಿ ಮುಚ್ಕೋರಿ."

ಗಂಟು ಬಿಚ್ಚಿದಳು. ಸನ್ಯಾಸಿನಿ ಏನೆಂದು ತಿಳಿದಳೋ, ನಿಲುವಂಗಿಯ ಚುಂಗು ಹಿಡಿದು ಒಡ್ಡಿದಳು. ಐದು ಬೊಗಸೆ ಅಕ್ಕಿ, ಕೊಬ್ಬರಿ, ಖಣ. ಆಮೇಲೆ ಆಕೆ ಅದರಲ್ಲಿ ಒಂದು ಹಿಡಿ ಅಕ್ಕಿ ತೆಗೆದು ಹೆಂಡತಿಯ ಸೆರಗಿಗೆ ಹಾಕಿದಳು. ನಮ್ಮಲ್ಲೂ ಉಡಿ ತುಂಬಿಸಿಕೊಂಡವರು ನಾಲ್ಕು ಕಾಳು ತಿರುಗಿ ಕೊಡುವುದು ಪದ್ಧತಿ.

"ನೋಡ್ರಿ, ನೋಡ್ರಿ! ಯಾರ ಕಲಿಸ್ಯಾರ ಈಕಿಗೆ?"

ಹಂಚಿಕೊಂಡು ಉಣ್ಣುವುದು ಅವರ ರೂಢಿ ಇದ್ದೀತು. ಹಾಗೆನ್ನುವ ಬದಲು ಗಂಟಿನ ಖಾಲಿ ಬಟ್ಟೆ ಮಡಿಸಿ ಚೀಲಕ್ಕೆ ಹಾಕಿದೆ. ಆ ಅಕ್ಕಿ ಸೆರಗಿನ ಗಂಟಿನಲ್ಲೇ ಊರು ಸೇರಿ, ಬಾಣಂತಿ ಮಗಳ ಮೊದಲ ಅನ್ನದಲ್ಲಿ ಬೆರೆಯಿತು.

ನೀವು ಹೋಗುವುದಾದರೆ ಬೆಳಗಿನ ಮೊದಲ ಬಸ್ಸು ಹಿಡಿಯಿರಿ; ಬಿಸಿಲೇರಿದರೆ ಕುರ್ಚಿಗೆ ಪಾಳಿ ಉದ್ದ. ಟಿಕೆಟ್ಟಿಗೆ ಚೌಕಾಶಿ ಬೇಡ, ನಾನು ಮಾಡಿ ನೋಡಿದ್ದೇನೆ. ಕೊಬ್ಬರಿ ಚೀಲದ ತಳದಲ್ಲಿರಲಿ, ಮಂಗಗಳಿವೆ. ಮೇಲೆ ಯಾವ ದೇವರು ಎಂಬುದನ್ನು ಮಾತ್ರ ಹೆಂಡತಿಗೆ ಕೆಳಗೇ ಹೇಳಿಬಿಡಿ.