ಪದ್ದಣ್ಣನ ಕೊಡತಿ ಮತ್ತು ಕಂಪ್ಯೂಟರಿನ ಭತ್ತ

ಕೋಟೇಶ್ವರದ ರತ್ನಾಕರ ಶೆಟ್ಟರ ಅಕ್ಕಿ ಮಿಲ್ಲಿನಲ್ಲಿ ಪದ್ದುವಿನ ಮುಖ್ಯ ಕೆಲಸವೆಂದರೆ ಬಡಿಯುವುದು. ಬೇಯಿಸಿ ಒಣಗಿಸಿದ ಭತ್ತ ಮೇಲಿನ ತಗಡಿನ ಹಾಪರಿನಿಂದ ಯಂತ್ರಕ್ಕೆ ಇಳಿಯಬೇಕು. ಹಾಪರ್ ಎಂದರೆ ಒಂದು ದೊಡ್ಡ ಆಲಿಕೆ. ಮೇಲೆ ಅಗಲ, ಕೆಳಗೆ ಸಣ್ಣ ಬಾಯಿ. ಭತ್ತ ಸ್ವಲ್ಪ ಹೊತ್ತು ಇಳಿಯುತ್ತದೆ. ಆಮೇಲೆ ಕಾಳುಗಳು ಒಂದಕ್ಕೊಂದು ಹೆಗಲು ಕೊಟ್ಟು, ಬಾಯಿಯ ಮೇಲೆ ಕಮಾನು ಕಟ್ಟಿ ನಿಂತುಬಿಡುತ್ತವೆ. ಆಗ ಪದ್ದು ಏಣಿ ಹತ್ತಿ, ಮರದ ಕೊಡತಿಯಿಂದ ತನಗೆ ಗೊತ್ತಿರುವ ಜಾಗಕ್ಕೆ ಧಡ್ ಎಂದು ಬಡಿಯುತ್ತಾನೆ. ಭತ್ತ ಸರ್ರನೆ ಇಳಿಯುತ್ತದೆ. ಪೆಟ್ಟು ತಿಂದೂ ತಿಂದೂ ಅಲ್ಲಿ ತಗಡು ಊಟದ ಬಟ್ಟಲಿನಂತೆ ತಗ್ಗಾಗಿದೆ. ಬೇರೆಯವರು ಬಡಿದರೆ ಇಳಿಯುವುದಿಲ್ಲ ಎಂಬುದು ಮಿಲ್ಲಿನ ನಂಬಿಕೆ. ಆ ನಂಬಿಕೆಯನ್ನು ಹಬ್ಬಿಸಿದವನೂ ಪದ್ದುವೇ.

ಈ ಹೆಮ್ಮೆ ಅವನಿಗೆ ಸುಮ್ಮನೆ ದಕ್ಕಿದ್ದಲ್ಲ. ತಮ್ಮನ ಮದುವೆಯಲ್ಲಿ ಪಾಯಸ ಬರುವ ಹೊತ್ತಿಗೆ, ಭತ್ತ ಕಟ್ಟಿಕೊಂಡಿತೆಂದು ಮಿಲ್ಲಿನವರು ಪಂಕ್ತಿಯಿಂದ ಎಬ್ಬಿಸಿಕೊಂಡು ಬಂದಿದ್ದರು. ಮಗಳ ಸೀಮಂತದ ಫೋಟೊಗಳಲ್ಲಿ ಅವನು ಬಿಟ್ಟು ಓಡಿದ ಚಪ್ಪಲಿ ಮಾತ್ರ ಕಾಣುತ್ತದೆ. ಈಗ ವಿಜಯದಶಮಿಯಂದು ಕೊಲ್ಲೂರಿನಲ್ಲಿ ಮೊಮ್ಮಗಳ ಅಕ್ಷರಾಭ್ಯಾಸ. ಹೆಂಡತಿ ಸುಂದರಿ ಮುಂಚೆಯೇ ಹೇಳಿದ್ದಳು:

"ಈ ಸಲವೂ ನೀವ್ ಬರ್ದಿದ್ರೆ, ಆ ಹಾಪರನ್ನೇ ಕಟ್ಕಂಡ್ ಸಂಸಾರ ಮಾಡಿ."

ಅಷ್ಟರಲ್ಲಿ ಶೆಟ್ಟರ ತಂಗಿಯ ಮಗಳು ಚಂದನಾ ಲ್ಯಾಪ್‌ಟಾಪ್ ಹಿಡಿದು ಬಂದಳು. ಎಂಟೆಕ್ ಓದುವ ಹುಡುಗಿ, ಪ್ರಾಜೆಕ್ಟಿಗೆ ಮಾವನ ಹಾಪರನ್ನೇ ಆರಿಸಿಕೊಂಡಿದ್ದಳು. ಪರದೆಯ ಮೇಲೆ ಹಾಪರಿನ ಚಿತ್ರ, ಅದರೊಳಗೆ ಸಾಸಿವೆಯಷ್ಟು ಸಣ್ಣ ಬಣ್ಣದ ಕಾಳುಗಳು.

"ಇದ್ರಗೆ ಒಂದೊಂದ್ ಕಾಳೂ ಬೇರೆ ಬೇರೆ, ಪದ್ದಣ್ಣ. ಯಾವ್ದ್ ಯಾವ್ದಕ್ಕೆ ತಾಗತ್ತ್, ಯಾವ್ದ್ ಯಾವ್ದನ್ನ ದೂಡತ್ತ್, ಎಲ್ಲ ಕಂಪ್ಯೂಟರ್ ಲೆಕ್ಕ ಹಾಕತ್ತ್."

"ಒಂದೊಂದ್ ಕಾಳಿಗೂ ಹೆಸ್ರ್ ಇತ್ತಾ?"

"ನಂಬರ್ ಇತ್ತ್."

"ಹಾಂಗಾರೆ ರೇಶನ್ ಕಾರ್ಡೊಂದ್ ಬಾಕಿ."

ಚಂದನಾ ನಕ್ಕು, ಪರೀಕ್ಷೆಗೆ ಒಂದು ಚೀಲ ಭತ್ತ ಕೇಳಿದಳು. ಕಾಳು ಎಷ್ಟು ಜಾರುತ್ತದೆ, ಎಷ್ಟು ಅಂಟುತ್ತದೆ ಎಂದು ಅಳೆದು ಕೊಟ್ಟರೆ ಮಾತ್ರ ಕಂಪ್ಯೂಟರಿನ ಭತ್ತ ನಿಜವಾದ ಭತ್ತದಂತೆ ನಡೆದುಕೊಳ್ಳುತ್ತದೆ.

ಕಾಲೇಜಿಗೆ ಹೋಗುವ ಭತ್ತ! ಅದನ್ನು ಇದ್ದ ಹಾಗೇ ಕಳಿಸಲು ಪದ್ದುವಿಗೆ ಮನಸ್ಸು ಬರಲಿಲ್ಲ. ನಾಲ್ಕು ಜನ ಮೇಷ್ಟ್ರು ನೋಡುವುದಲ್ಲವೇ? ಚೀಲವನ್ನು ಮನೆಗೆ ಹೊತ್ತ. ಸುಂದರಿ ಗೆರಸೆಯಲ್ಲಿ ಕೇರಿ ಜೊಳ್ಳು ಹಾರಿಸಿದಳು, ಕಡ್ಡಿ ಕಲ್ಲು ಆರಿಸಿದಳು, ಅಂಗಳದಲ್ಲಿ ಮತ್ತೆ ಒಣಗಿಸಿದಳು. ಹೆಣ್ಣು ನೋಡಲು ಬರುವವರ ಮುಂದೆ ಕೂರಿಸಿದ ಹುಡುಗಿಯಂತೆ ಭತ್ತ ಹೊಳೆಯುತ್ತಿತ್ತು. ಪದ್ದು ಹೊಸ ಚೀಲಕ್ಕೆ ತುಂಬಿ ಕಳಿಸಿದ.

ಕೆಲವು ವಾರ ಕಳೆದು ಚಂದನಾ ಫಲಿತಾಂಶ ತಂದಳು. ಪರದೆಯ ಮೇಲೆ ಭತ್ತ ನೀರಿನಂತೆ ಇಳಿಯಿತು. ಹಾಪರಿನಲ್ಲಿ ಏನೂ ದೋಷವಿಲ್ಲ, ಬಡಿಯಲೇ ಬೇಕಾಗಿಲ್ಲ ಎಂದಳು.

ಶೆಟ್ಟರು ಪದ್ದುವಿನ ಕಡೆ ತಿರುಗಿದರು. "ಹಾಂಗಾರೆ ಇಷ್ಟ್ ವರ್ಷ ನೀ ಬಡ್ದದ್ದ್ ಎಂತ ಮಾರಾಯ? ಚಂಡೆಯಾ?"

ಪದ್ದು ಕೊಡತಿಯನ್ನು ಶೆಟ್ಟರ ಮೇಜಿನ ಮೇಲಿಟ್ಟು, ಸ್ಟೂಲಿನಲ್ಲಿ ಕೈಕಟ್ಟಿ ಕೂತ. ಯಂತ್ರ ಶುರುವಾಯಿತು. ಭತ್ತ ಇಳಿಯಿತು, ತೊದಲಿತು, ನಿಂತಿತು. ಯಂತ್ರ ಬರಿಹೊಟ್ಟೆಯಲ್ಲಿ ಗೊರಗೊರ ಎಂದಿತು.

"ಹ್ವಾಯ್ ಪದ್ದು, ಬಡಿಯಾ!"

"ಕಂಪ್ಯೂಟರಿಗೆ ಬಡೂಕೆ ಹೇಳಿ, ಶೆಟ್ರೆ."

ಚಂದನಾಳ ಮುಖ ಸಣ್ಣದಾಯಿತು. ಏಣಿ ಹತ್ತಿ ಹಾಪರಿಗೆ ಕೈಹಾಕಿ ಒಂದು ಹಿಡಿ ತೆಗೆದಳು. ತೇವ, ಜೊಳ್ಳು, ಹುಲ್ಲಿನ ಕಡ್ಡಿ.

"ಪದ್ದಣ್ಣ, ನೀವ್ ನಂಗೆ ಕೊಟ್ಟದ್ದ್ ಈ ಭತ್ತವಾ?"

"ಇದೇ. ಮಿಂದ್ಕಂಡ್ ಬಂದಿತ್ತ್, ಅಷ್ಟೆ."

"ಮಿಂದ್ಕಂಡ್?"

ಪದ್ದು ಹೇಳಿದ. ಹೇಳುತ್ತಾ ಹೋದಂತೆ ಧ್ವನಿ ಇಳಿಯಿತು. ಹಾಪರ್ ಸರಿಯಾಗದೆ ತನಗೆ ಬಿಡುಗಡೆಯಿಲ್ಲ, ವಿಜಯದಶಮಿಗೆ ಕೊಲ್ಲೂರಿಗೆ ಹೋಗುವ ದಾರಿಗೆ ತಾನೇ ಅಡ್ಡ ಮಲಗಿದ್ದೇನೆ ಎಂದು ಅವನಿಗೇ ಹೊಳೆದಿತ್ತು. ಚಂದನಾ ತಲೆಯ ಮೇಲೆ ಕೈ ಹೊತ್ತು, ಬೈಯಲೂ ಆಗದೆ ನಕ್ಕುಬಿಟ್ಟಳು.

ಈ ಸಲ ಹಾಪರಿನಿಂದಲೇ ನೇರ ಚೀಲ ತುಂಬಿದರು. ಅವಳು ಮಿಲ್ಲಿನ ನೆಲದ ಮೇಲೆ ಎರಡೂ ಭತ್ತವನ್ನು ಸುರಿದು ತೋರಿಸಿದಳು. ಸುಂದರಿಯ ಭತ್ತ ಚಪ್ಪಟೆಯಾಗಿ ಹರಡಿತು; ಮಿಲ್ಲಿನ ಭತ್ತ ಹಟ ಹಿಡಿದು ಗುಡ್ಡೆಯಾಗಿ ನಿಂತಿತು. ಪರದೆಯ ಗುಡ್ಡೆಯೂ ಅಷ್ಟೇ ಕಡಿದಾಗಿ ನಿಲ್ಲುವವರೆಗೆ ಅವಳು ಅಂಕಿಗಳನ್ನು ತಿದ್ದಿದಳು. ಆಮೇಲೆ ಹಾಪರಿಗೆ ಬಿಟ್ಟಳು. ಬಣ್ಣದ ಕಾಳುಗಳು ಇಳಿದವು, ತಡವರಿಸಿದವು, ಕಮಾನು ಕಟ್ಟಿ ನಿಂತವು.

"ಕಟ್ಕಂತ್! ಕಟ್ಕಂತ್!" ವಿಕೆಟ್ ಕಿತ್ತವರಂತೆ ಪದ್ದು ಕುಣಿದ. "ನನ್ ಪೆಟ್ಟಿನ ಜಾಗ ತೋರ್ಸ್ ಕಾಂಬ."

ಚಂದನಾ ಹಿಂಜರಿಯುತ್ತಾ ತೋರಿಸಿದಳು. ಕಮಾನು ಕೂರುತ್ತಿದ್ದುದು ಪದ್ದುವಿನ ಬಟ್ಟಲಿಗಿಂತ ಒಂದು ಗೇಣು ಕೆಳಗೆ.

"ಮತ್ತೆ ನಾ ಬಡ್ದ್ರೆ ಇಳಿತಿತ್ತಲ್ಲ?"

"ನೀವ್ ಬಡುವ ಜೋರಿಗೆ ಎಲ್ ಬಡ್ದ್ರೂ ಇಳಿತ್ತ್, ಪದ್ದಣ್ಣ."

ಪದ್ದು ಸುತ್ತ ನೋಡಿದ. ಯಾರೂ ಕೇಳಿಸಿಕೊಂಡಿರಲಿಲ್ಲ. "ಇದೊಂದ್ ಶೆಟ್ರಿಗೆ ಹೇಳುದ್ ಬ್ಯಾಡ ಮಗಾ," ಎಂದು ಪಿಸುಗುಟ್ಟಿದ.

ಬಾಯಿ ಅಗಲ ಮಾಡಿ, ಹಾಪರಿನ ಗೋಡೆಯನ್ನು ಇನ್ನೂ ಕಡಿದಾಗಿಸಿದರೆ ಕಮಾನು ನಿಲ್ಲುವುದಿಲ್ಲ ಎಂದು ಪರದೆ ಹೇಳಿತು. ವೆಲ್ಡಿಂಗ್ ಮಾಡುವ ಜಿತೇಂದ್ರ ಹಾಗೆಯೇ ಕತ್ತರಿಸಿ ಕೂಡಿಸಿದ. ತನ್ನ ಬಟ್ಟಲು ಇದ್ದ ತಗಡು ಗುಜರಿಗೆ ಹೋಗುವಾಗ ಪದ್ದು ಚಹಾ ಕುಡಿಯಲು ಹೊರಗೆ ಹೋಗಿದ್ದ.

ವಿಜಯದಶಮಿಯಂದು ಕೊಲ್ಲೂರಿನ ಜನಜಂಗುಳಿಯಲ್ಲಿ ಪದ್ದು ಫೋನನ್ನು ಕೈಯಲ್ಲೇ ಹಿಡಿದು ನಿಂತಿದ್ದ. ಅದು ರಿಂಗಾಗಲೇ ಇಲ್ಲ. ತಡೆಯಲಾರದೆ ತಾನೇ ಕರೆ ಮಾಡಿದ.

"ಶೆಟ್ರೆ, ಕಟ್ಕಂತಾ?"

"ಇಲ್ಲೆ ಮಾರಾಯ. ನಿನ್ ನೆನಪೂ ಆಯ್ಲಿಲ್ಲೆ."

ಸಂತೋಷದ ಸುದ್ದಿಯೇ. ಆದರೂ ಪದ್ದುವಿನ ಮುಖ ಬಾಡಿದ್ದು ಕಂಡು ಸುಂದರಿ ಅವನ ರಟ್ಟೆ ಹಿಡಿದು ಮೊಮ್ಮಗಳ ಪಕ್ಕ ಕೂರಿಸಿದಳು. ಭಟ್ಟರು ಮಗುವಿನ ಬೆರಳು ಹಿಡಿದು ತಟ್ಟೆಯ ಅಕ್ಕಿಯಲ್ಲಿ ಅಕ್ಷರ ಬರೆಸಿ ಕೈಬಿಟ್ಟರು. ಮಗು ಅಕ್ಕಿಯನ್ನು ನೋಡಿತು, ಅಜ್ಜನನ್ನು ನೋಡಿತು, ಅಂಗೈ ಎತ್ತಿ ತಟ್ಟೆಯ ಅಂಚಿಗೆ ಧಡ್ ಎಂದು ಬಡಿಯಿತು. ಅಕ್ಕಿ ಭಟ್ಟರ ಮಡಿಲಿಗೆ ಹಾರಿತು. ಸುಂದರಿ ಗಂಡನನ್ನು ದುರುಗುಟ್ಟಿ ನೋಡಿದಳು.

ಪದ್ದು ಮಗುವಿನ ಕಿವಿಯ ಹತ್ತಿರ ಬಗ್ಗಿದ.

"ಚೂರ್ ಕೆಳಗ್ ಬಡಿ, ಮಗಾ."